ಕೊನೆಯ ಕಾಗದ

ನಮ್ಮಪ್ಪ ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿದವರು. ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದರು. ಮನೆಗೆ ಯಾವ ಕಾಗದ ಬಂದರೂ ಬಲಮೂಲೆಯಲ್ಲಿ ಬಂದ ತಾರೀಖು ಬರೆದು ಒಂದು ಚಿಕ್ಕ ಸಹಿ ಹಾಕುತ್ತಾರೆ. ಕರೆಂಟ್ ಬಿಲ್ಲಿಗೂ ಹಾಕುತ್ತಾರೆ, ಮದುವೆ ಕರೆಯೋಲೆಗೂ ಹಾಕುತ್ತಾರೆ. ಅಂಥವರಿಗೆ ಒಂದು ಇನ್ಶೂರೆನ್ಸ್ ಕ್ಲೇಮು ಹನ್ನೊಂದು ತಿಂಗಳು ನೀರು ಕುಡಿಸಿತು.

2022ರ ಮೇ ತಿಂಗಳಲ್ಲಿ ಅಪ್ಪ ನ್ಯೂ ಜೆರ್ಸಿಗೆ ಹೋದರು. ಅಕ್ಕ, ಭಾವ ಅಲ್ಲಿದ್ದಾರೆ. ಕೋವಿಡ್ಡಿನಿಂದ ಎರಡು ವರ್ಷ ಮುಂದೂಡಿದ ಪ್ರಯಾಣ. ಆಗ ಅಪ್ಪನಿಗೆ 71 ವರ್ಷ. ಟಿಕೆಟ್ ಜೊತೆ ಆರು ತಿಂಗಳ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೆವು. 50,000 ಡಾಲರ್ ಕವರು, ಮೊದಲ 100 ಡಾಲರ್ ನಮ್ಮದು. ಪ್ರೀಮಿಯಂ ಹದಿನೆಂಟು ಸಾವಿರ ಚಿಲ್ಲರೆ. ಫಾರಂ ತುಂಬುವಾಗ ಮೊದಲೇ ಇರುವ ಕಾಯಿಲೆಯ ಕಾಲಂ ಬಂತು. ಅಪ್ಪ ಬಿಪಿ ಅಂತ ಬರೆಯಲು ಹೊರಟರು. ಏಜೆಂಟ್ ಹುಡುಗ, "ಬೇಡ ಬಿಡಿ ಸಾರ್, ಸುಮ್ನೆ ತೊಂದ್ರೆ" ಅಂದ. "ಕಾಲಂ ಇರೋದೇ ತುಂಬೋಕಲ್ವೇನಪ್ಪಾ" ಅಂದು ಅಪ್ಪ ಬರೆದೇಬಿಟ್ಟರು. ಆ ಎರಡಕ್ಷರ ಮುಂದೆ ನಮ್ಮನ್ನು ಕಾಡಿಸಿತು. ಕೊನೆಗೆ ಉಳಿಸಿದ್ದೂ ಅದೇ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅಪ್ಪ ಮನೆ ಹತ್ತಿರದ ಪಾರ್ಕಿಗೆ ಒಬ್ಬರೇ ನಡೆದುಹೋದರು. ಅರಸೀಕೆರೆ ಬಿಸಿಲು ಕಂಡವನಿಗೆ ಇದ್ಯಾವ ಲೆಕ್ಕ ಅನ್ನುವ ಧೈರ್ಯ. ಕೈಯಲ್ಲಿ ನೀರಿನ ಬಾಟಲಿಯೂ ಇರಲಿಲ್ಲ. ಬೆಂಚಿನಿಂದ ಎದ್ದವರು ಹಾಗೇ ಕುಸಿದರು. ನಾಯಿ ಹಿಡಿದುಕೊಂಡು ಬಂದಿದ್ದ ಯಾರೋ ಹೆಂಗಸು 911ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬಂತು. ಅಕ್ಕ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಪ್ಪನ ಕೈಗೆ ಡ್ರಿಪ್ ಹಾಕಿ, ಇಸಿಜಿ ತೆಗೆದು, ತಲೆಯ ಸಿಟಿ ಸ್ಕ್ಯಾನಿಗೆ ಕರೆದುಕೊಂಡು ಹೋಗಿ ಆಗಿತ್ತು. ಹೃದಯಕ್ಕೆ ಪೆಟ್ಟು ಬಿದ್ದಿದೆಯಾ ನೋಡಲು ರಕ್ತವನ್ನೂ ತೆಗೆದಿದ್ದರು. ಒಂದು ರಾತ್ರಿ ಇಟ್ಟುಕೊಂಡರು. ಮೈಯಲ್ಲಿ ನೀರು ಕಡಿಮೆಯಾಗಿ ತಲೆ ಸುತ್ತಿದೆ, ಬೇರೇನೂ ಇಲ್ಲ ಅಂತ ಮರುದಿನ ಕಳಿಸಿದರು.

"ಯಾರೂ ದುಡ್ಡಿನ ಮಾತೇ ಎತ್ತಲಿಲ್ಲ ಕಣಮ್ಮಾ" ಅಂತ ಅಪ್ಪ ಫೋನಿನಲ್ಲಿ ಬೆರಗಿನಿಂದ ಹೇಳಿದ್ದರು. ನಮ್ಮ ಕಡೆ ಅಡ್ವಾನ್ಸ್ ಕಟ್ಟಿದ ಮೇಲೆ ತಾನೆ ಹಾಸಿಗೆ? ಅಲ್ಲಿ 1986ರಿಂದ ಒಂದು ಕಾನೂನಿದೆ. ವಯಸ್ಸಾದವರಿಗೆ ಅಂತ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯ ಹಣ ಪಡೆಯುವ ಆಸ್ಪತ್ರೆಗೆ ಎಮರ್ಜೆನ್ಸಿ ವಿಭಾಗವಿದ್ದರೆ, ಬಂದವರ ಹತ್ತಿರ ದುಡ್ಡಿದೆಯೋ ಇಲ್ಲವೋ, ಮೊದಲು ನೋಡಬೇಕು, ಜೀವಕ್ಕೆ ಅಪಾಯವಿಲ್ಲ ಅನ್ನುವ ಸ್ಥಿತಿಗೆ ತರಬೇಕು. ದುಡ್ಡಿನ ಮಾತು ಆಮೇಲೆ. ಆ "ಆಮೇಲೆ" ಹೇಗಿರುತ್ತೆ ಅನ್ನುವುದು ಮೂರು ವಾರದ ನಂತರ ಗೊತ್ತಾಯಿತು.

ಭಾವ ಅವತ್ತೇ ರಾತ್ರಿ ಇನ್ಶೂರೆನ್ಸಿನ ಸಹಾಯವಾಣಿಗೆ ಫೋನ್ ಮಾಡಿದ್ದರು. ಅವರು ಕ್ಲೇಮ್ ನಂಬರ್ ಕೊಟ್ಟರು. ಆಸ್ಪತ್ರೆಗೆ ನಾವೇ ಮಾತಾಡ್ತೀವಿ ಅಂದರು. ಆದರೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಭಾರತದ ಕಂಪನಿಯ ಹೆಸರೇ ಸಿಗಲಿಲ್ಲ. ಅಲ್ಲಿ ಪ್ರತಿ ಇನ್ಶೂರೆನ್ಸ್ ಕಂಪನಿಗೂ ಒಂದು ಗುರುತಿನ ನಂಬರ್ ಇರುತ್ತೆ, ಬಿಲ್ಲು ಆ ನಂಬರಿಗೆ ತಾನಾಗೇ ಹೋಗುತ್ತೆ. ನಮ್ಮದಕ್ಕೆ ಅಂಥ ನಂಬರ್ ಇರಲಿಲ್ಲ. ಹಾಗಾಗಿ ಅಪ್ಪನನ್ನು ಕೈಯಿಂದ ಕಟ್ಟುವವರ ಪಟ್ಟಿಗೆ ಸೇರಿಸಿದರು. ಕ್ಯಾಶ್‌ಲೆಸ್ ಅನ್ನುವುದು ಪಾಲಿಸಿಯ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಅಲ್ಲೇ ಉಳಿಯಿತು.

ಬಿಲ್ಲುಗಳು ಒಟ್ಟಿಗೆ ಬರಲಿಲ್ಲ. ಇದು ನಮ್ಮವರಿಗೆ ಅರ್ಥವಾಗಲು ಕಷ್ಟ. ನಮ್ಮಲ್ಲಿ ಆಸ್ಪತ್ರೆ ಅಂದರೆ ಒಂದೇ ಕೌಂಟರು, ಒಂದೇ ಬಿಲ್ಲು. ಅಲ್ಲಿ ಕಟ್ಟಡದ ಲೆಕ್ಕ ಬೇರೆ, ಡಾಕ್ಟರ ಲೆಕ್ಕ ಬೇರೆ, ಸ್ಕ್ಯಾನ್ ನೋಡಿ ವರದಿ ಬರೆದವರ ಲೆಕ್ಕ ಬೇರೆ, ಆಂಬುಲೆನ್ಸಿನದು ಇನ್ನೂ ಬೇರೆ. ಒಳಗೆ ಓಡಾಡುವ ಡಾಕ್ಟರು ಆಸ್ಪತ್ರೆಯ ನೌಕರರೇ ಅಲ್ಲದಿರಬಹುದು. ಬೇರೊಂದು ಗುಂಪಿನವರು, ಅವರ ಬಿಲ್ಲು ಬೇರೊಂದು ರಾಜ್ಯದ ಅಂಚೆಪೆಟ್ಟಿಗೆಯಿಂದ ಬರುತ್ತೆ. ಆಸ್ಪತ್ರೆಯದು 14,620 ಡಾಲರ್. ಡಾಕ್ಟರದು 1,240. ಆಂಬುಲೆನ್ಸ್ 1,385. ಸ್ಕ್ಯಾನ್ ಓದಿದವರದು 318, ಅದು ಬಂದದ್ದು ಎಲ್ಲಕ್ಕಿಂತ ತಡವಾಗಿ. ಆ ಜುಲೈನಲ್ಲೇ ಡಾಲರ್ ಮೊದಲ ಸಲ 80 ರೂಪಾಯಿ ಮುಟ್ಟಿತ್ತು. ಅಪ್ಪ ಒಂದು ಕ್ಯಾಲೆಂಡರಿನ ಹಿಂಭಾಗದಲ್ಲಿ ಗುಣಿಸಿ ನೋಡಿದರಂತೆ. ನೋಡಿ, ಆ ದಿನ ಊಟ ಬೇಡ ಅಂದರಂತೆ.

ಮೂವತ್ತು ದಿನದೊಳಗೆ ಕಟ್ಟಿದರೆ ಶೇ. 40 ಬಿಡುತ್ತೇವೆ ಅಂತ ಆಸ್ಪತ್ರೆಯವರು ಹೇಳಿದರು. ಕೈಯಿಂದ ಕಟ್ಟುವವರಿಗೆ ಹೀಗೆ ಬಿಡುವುದು ಅಲ್ಲಿ ಮಾಮೂಲು. ಭಾವ ಯೋಚನೆ ಮಾಡದೆ 8,772 ಡಾಲರ್ ಕಟ್ಟಿದರು. ಉಳಿದ ಮೂರನ್ನೂ ತೀರಿಸಿದರು. ಒಟ್ಟು 11,715 ಡಾಲರ್. ಭಾವ ಮಾಡಿದ್ದು ಸರಿಯಾದ ಕೆಲಸ. ಅಲ್ಲಿ ಬಿಲ್ಲು ಸುಮ್ಮನೆ ಬಿಟ್ಟರೆ ವಸೂಲಿ ಏಜೆನ್ಸಿಗೆ ಹೋಗುತ್ತೆ. ಆದರೆ ನಾವು ಮರುಪಾವತಿ ಅನ್ನುವ ದಾರಿಗೆ ಬಿದ್ದದ್ದು ಅಲ್ಲಿಂದ. ಅಂದರೆ ಮೊದಲು ನೀನು ಕೊಡು, ಆಮೇಲೆ ನಾವು ಕೊಡ್ತೀವಿ.

ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪ ವಾಪಸ್ ಬಂದರು. ಬಂದ ಎರಡನೇ ದಿನವೇ ಹೊಸ ಫೈಲು ತಂದು, ಟ್ಯಾಗು ಹಾಕಿ, ಮೇಲೆ ವಿಷಯ ಬರೆದು ನನ್ನ ಮುಂದೆ ಇಟ್ಟರು. ನಾನಿರುವುದು ಮೈಸೂರು. ಇಂಗ್ಲಿಷು, ಇಮೇಲು, ಆ್ಯಪು ನನ್ನ ಪಾಲು. ಕಡತ ಅಪ್ಪನ ಪಾಲು. ಅಕ್ಟೋಬರ್ ಮೊದಲ ವಾರ ಕಾಗದಗಳನ್ನು ಕಳಿಸಿದೆವು. ಕ್ಲೇಮ್ ಫಾರಂ, ಬಿಲ್ಲುಗಳು, ಕಾರ್ಡಿನಿಂದ ಕಟ್ಟಿದ ರಸೀದಿ, ಪಾಸ್‌ಪೋರ್ಟಿನ ಪುಟಗಳು, ಬೋರ್ಡಿಂಗ್ ಪಾಸ್, ಅಪ್ಪನ ಕ್ಯಾನ್ಸಲ್ ಮಾಡಿದ ಚೆಕ್ಕು. ದಸರೆ ಆಗ ತಾನೇ ಮುಗಿದಿತ್ತು. ದೀಪಾವಳಿಗೆ ಬರಬಹುದು ಅಂದುಕೊಂಡೆವು. ನೆನೆಸಿಕೊಂಡರೆ ಈಗ ನಗು ಬರುತ್ತೆ.

ನವೆಂಬರಿನಲ್ಲಿ ಕಂಪನಿಯಿಂದ ಮೊದಲ ತಕರಾರು ಬಂತು. ಬಿಲ್ಲಿನಲ್ಲಿ ಮೊತ್ತ ಮಾತ್ರ ಇದೆ, ವಿವರ ಇಲ್ಲ. ಸರಿಯಾದ ಮಾತೇ. ಅಮೆರಿಕದಲ್ಲಿ ರೋಗಿಯ ಮನೆಗೆ ಬರುವುದು ಒಂದು ಪುಟದ ಸ್ಟೇಟ್‌ಮೆಂಟು. ಅಸಲು ವಿವರ ಇರುವುದು ಬೇರೆ ಎರಡು ಫಾರಂಗಳಲ್ಲಿ. ಆಸ್ಪತ್ರೆಯ ಲೆಕ್ಕಕ್ಕೆ ಯುಬಿ-04, ಡಾಕ್ಟರ ಲೆಕ್ಕಕ್ಕೆ ಸಿಎಮ್‌ಎಸ್-1500. ಅದರಲ್ಲಿ ಪ್ರತಿಯೊಂದಕ್ಕೂ ಒಂದು ಕೋಡು. ತಲೆಯ ಸಿಟಿ ಸ್ಕ್ಯಾನಿಗೆ 70450. ಎಮರ್ಜೆನ್ಸಿಯಲ್ಲಿ ಅತಿ ಮೇಲಿನ ದರ್ಜೆಯ ತಪಾಸಣೆಗೆ 99285. ಇವು ಇನ್ಶೂರೆನ್ಸಿನವರಿಗೆ ಹೋಗುವ ಕಾಗದ, ಕೇಳದೆ ರೋಗಿಗೆ ಕೊಡುವುದಿಲ್ಲ. ಅಕ್ಕ ಫೋನ್ ಮಾಡಿದಳು. ರೋಗಿಯ ಒಪ್ಪಿಗೆ ಇಲ್ಲದೆ ನಿಮ್ಮ ಜೊತೆ ಮಾತಾಡಲ್ಲ ಅಂದರು. ರೋಗಿ ಅರಸೀಕೆರೆಯಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದಾರೆ. ಅಲ್ಲಿನ 1996ರ ಕಾನೂನಿನ ಪ್ರಕಾರ ಅಪ್ಪನೇ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು. ಕಳಿಸುವುದು ಹೇಗೆ ಅಂದರೆ ಫ್ಯಾಕ್ಸ್ ಮಾಡಿ ಅಂದರು. ಅಮೆರಿಕದ ಆಸ್ಪತ್ರೆಗಳಲ್ಲಿ ಇವತ್ತಿಗೂ ಫ್ಯಾಕ್ಸ್ ಬದುಕಿದೆ. ನಮ್ಮೂರಲ್ಲಿ ಫ್ಯಾಕ್ಸ್ ಮಿಷನ್ ಹುಡುಕಿದ ಕಥೆ ಹೇಳಲು ಹೊರಟರೆ ಅದೇ ಇನ್ನೊಂದು ಬರಹವಾಗುತ್ತೆ, ಬಿಡಿ.

ಒಪ್ಪಿಗೆ ಮುಟ್ಟಿದ ಮೇಲೆ ದಾಖಲೆ ಕೊಡಲು ಅವರಿಗೆ 30 ದಿನ ಸಮಯವಿದೆ. ಪೂರ್ತಿ ತೆಗೆದುಕೊಂಡರು.

ಅಷ್ಟರಲ್ಲಿ ಎರಡನೇ ತಕರಾರು. ಡಿಸ್ಚಾರ್ಜ್ ಸಮ್ಮರಿ ಎಲ್ಲಿ? ಆಸ್ಪತ್ರೆಯವರನ್ನು ಕೇಳಿದರೆ, ಅವರನ್ನು ನಾವು ಅಡ್ಮಿಟ್ ಮಾಡಿಕೊಂಡೇ ಇರಲಿಲ್ಲವಲ್ಲ ಅಂದರು. ರಾತ್ರಿಯಿಡೀ ಹಾಸಿಗೆ ಮೇಲೆ ಮಲಗಿದ್ದ ಮನುಷ್ಯನನ್ನು! ಅಲ್ಲಿ ಅಬ್ಸರ್ವೇಶನ್ ಅಂತ ಒಂದು ವರ್ಗವಿದೆ. ವಾರ್ಡಿನಲ್ಲೇ ಮಲಗಿದ್ದರೂ, ಊಟ ಅಲ್ಲೇ ಕೊಟ್ಟರೂ, ಲೆಕ್ಕದಲ್ಲಿ ಅವರು ಹೊರರೋಗಿ. ನಮಗೆ ಕೊಟ್ಟಿದ್ದ ಕಾಗದದ ಹೆಸರೇ ಬೇರೆ, ಭೇಟಿಯ ನಂತರದ ಸಾರಾಂಶ. ಇಲ್ಲಿನ ಕಂಪನಿಯ ಪಟ್ಟಿಯಲ್ಲಿ ಅಂಥ ಹೆಸರಿನ ಕಾಗದ ಇಲ್ಲ. ಇಲ್ಲಿನ ಪಟ್ಟಿಯಲ್ಲಿರುವುದು ಅಲ್ಲಿ ಹುಟ್ಟುವುದಿಲ್ಲ.

ಮೂರನೆಯದು ನನ್ನ ಅಚ್ಚುಮೆಚ್ಚಿನದು. ದಾಖಲೆಗಳ ಮೇಲೆ ಆಸ್ಪತ್ರೆಯ ಸೀಲು ಮತ್ತು ಸಹಿ ಇಲ್ಲ. ನಮಗೆ ಸೀಲು ಅಂದರೆ ಗೊತ್ತು. ನೀಲಿ ಇಂಕು, ದುಂಡಗೆ, ಸ್ವಲ್ಪ ಓರೆಯಾಗಿ ಬಿದ್ದಿರಬೇಕು. ಅಮೆರಿಕದ ಆಸ್ಪತ್ರೆಯಲ್ಲಿ ಯಾರ ಮೇಜಿನ ಮೇಲೂ ಅಂಥದ್ದಿಲ್ಲ. ಡಾಕ್ಟರು ಕಂಪ್ಯೂಟರಿನಲ್ಲಿ ಸಹಿ ಮಾಡುತ್ತಾರೆ, ಕೆಳಗೆ ಅವರ ಹೆಸರು, ತಾರೀಖು, ಗಂಟೆ, ನಿಮಿಷ ಅಚ್ಚಾಗುತ್ತೆ. ಅಕ್ಕ ದಾಖಲೆ ವಿಭಾಗಕ್ಕೆ ಹೋಗಿ, ದಯವಿಟ್ಟು ಒಂದು ಸೀಲು ಒತ್ತಿಕೊಡಿ ಅಂತ ಕೇಳಿದಳು. ಅಲ್ಲಿದ್ದ ಹುಡುಗಿ ಪಾಪ, ನೋಟರಿ ಬೇಕಾ ನಿಮಗೆ ಅಂದಳಂತೆ. ಅಪ್ಪ ಇದನ್ನು ಕೇಳಿ ಜೋರಾಗಿ ನಕ್ಕರು. ಆಮೇಲೆ ಸುಮ್ಮನಾದರು. "ಸೀಲಿಲ್ದೇ ಇರೋ ಕಾಗದ ನಾನೂ ತಗೋತಿರ್ಲಿಲ್ಲ" ಅಂದರು.

ಪಾಸ್‌ಪೋರ್ಟಿನಲ್ಲಿ ಅಮೆರಿಕ ಬಿಟ್ಟ ದಿನದ ಮುದ್ರೆ ಇಲ್ಲ ಅಂತಲೂ ಒಂದು ಇಮೇಲ್ ಬಂತು. ಆ ದೇಶ ಹೊರಗೆ ಹೋಗುವವರಿಗೆ ಮುದ್ರೆ ಒತ್ತುವುದೇ ಇಲ್ಲ. ಬೆಂಗಳೂರಿನಲ್ಲಿ ಇಳಿದ ಮುದ್ರೆ ತೋರಿಸಿ ಸಮಾಧಾನ ಮಾಡಿದೆವು. ಆಸ್ಪತ್ರೆಯ ಬಿಲ್ಲು 14,620 ಇದೆ, ರಸೀದಿ 8,772ಕ್ಕಿದೆ, ವ್ಯತ್ಯಾಸವೇಕೆ ಅಂತ ಇನ್ನೊಂದು. ರಿಯಾಯಿತಿ ಕೊಟ್ಟ ಪತ್ರ ತಂದುಕೊಡಿ. ಕಂಪನಿಗೆ ಐದೂಮುಕ್ಕಾಲು ಸಾವಿರ ಡಾಲರ್ ಉಳಿಸಿಕೊಟ್ಟದ್ದಕ್ಕೆ ನಾವೇ ಸಮಜಾಯಿಷಿ ಬರೆದೆವು.

ಇವೆಲ್ಲ ಕಾಗದದ ಕೀಟಲೆಗಳು. ನಿಜವಾದ ಗಂಟು ಇದ್ದದ್ದು ಬೇರೆ ಕಡೆ. ಯುಬಿ-04 ಕೊನೆಗೂ ಬಂದಾಗ ಅದರಲ್ಲಿ ಮೂರು ಕಾಯಿಲೆ ಕೋಡುಗಳಿದ್ದವು. ಆರ್55, ಅಂದರೆ ತಲೆಸುತ್ತಿ ಬೀಳುವುದು. ಇ86.0, ಮೈಯಲ್ಲಿ ನೀರು ಕಡಿಮೆಯಾಗುವುದು. ಮೂರನೆಯದು ಐ10. ಅದು ಬಿಪಿ. ಅಪ್ಪ ಪ್ರಜ್ಞೆ ಬಂದ ಕೂಡಲೇ ನರ್ಸು, ದಿನಾ ಯಾವ ಮಾತ್ರೆ ತಗೋತೀರಿ ಅಂತ ಕೇಳಿದ್ದಾಳೆ. ಅಪ್ಪ ಜೇಬಿನಿಂದ ಚೀಟಿ ತೆಗೆದು ಅಮ್ಲೋಡಿಪಿನ್ 5 ಅಂತ ತೋರಿಸಿದ್ದಾರೆ. ಆಕೆ ಬರೆದುಕೊಂಡಿದ್ದಾಳೆ, ಮುಂದೆ ಅದು ಬಿಲ್ಲಿನಲ್ಲಿ ಕೋಡಾಗಿದೆ. ಅಷ್ಟೇ. ಇಲ್ಲಿ ಅದು ಬೇರೆಯೇ ಅರ್ಥ ಪಡೆಯಿತು. ಬಿಪಿ ಇದ್ದವರು ಬಿದ್ದರು ಅಂದರೆ ಬಿಪಿಯಿಂದಲೇ ಬಿದ್ದಿರಬೇಕಲ್ಲ. ಹಳೇ ಕಾಯಿಲೆಗೆ ಪಾಲಿಸಿಯಲ್ಲಿ ಜೀವ ಹೋಗುವಂಥ ಸ್ಥಿತಿ ಇದ್ದರೆ ಮಾತ್ರ ಹಣ. ಹಾಗಾಗಿ ಬಿಪಿ ಎಷ್ಟು ವರ್ಷದಿಂದ ಇದೆ, ಯಾರ ಹತ್ತಿರ ಚಿಕಿತ್ಸೆ, ಹಿಂದಿನ ದಾಖಲೆಗಳನ್ನೆಲ್ಲ ಕೊಡಿ.

ಅಪ್ಪನ ಡಾಕ್ಟರು ನಮ್ಮೂರಿನ ಹಳೇ ಎಂಬಿಬಿಎಸ್. ಎಂಬತ್ತರ ಹತ್ತಿರ ಹತ್ತಿರ. ಅವರ ಕ್ಲಿನಿಕ್ಕಿನಲ್ಲಿ ಫೈಲು ಅನ್ನುವುದಿಲ್ಲ. ನಾಡಿ ಹಿಡಿಯುತ್ತಾರೆ, ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ, ಚೀಟಿ ಬರೆಯುತ್ತಾರೆ. ಚೀಟಿ ಮೆಡಿಕಲ್ ಶಾಪಿಗೆ ಹೋಗುತ್ತೆ, ಅಲ್ಲಿಂದ ಎಲ್ಲಿಗೋ. ಒಂಬತ್ತು ವರ್ಷದ ದಾಖಲೆ ಅಂದರೆ ಅವರ ನೆನಪು. ಅದನ್ನೇ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟರು. ಬರೆಯುತ್ತಾ, "ಏನ್ ಸಾಹೇಬ್ರೇ, ಬಿದ್ದೋರು ಎದ್ದಿದೀರಿ, ಅದಕ್ಕೂ ಸರ್ಟಿಫಿಕೇಟಾ?" ಅಂದರು. ಸೀಲು ಮಾತ್ರ ಚೆನ್ನಾಗಿ ಒತ್ತಿದರು.

ಈ ದಿನಗಳಲ್ಲಿ ಅಪ್ಪನನ್ನು ನೋಡುವುದು ಕಷ್ಟವಾಗಿತ್ತು. ಅವರ ಪಿಂಚಣಿಯಲ್ಲಿ ಒಂಬತ್ತು ಲಕ್ಷ ಅಂದರೆ ಎರಡು ವರ್ಷಕ್ಕಿಂತ ಜಾಸ್ತಿಯ ದುಡ್ಡು. ಅದನ್ನು ಕೊಟ್ಟವರು ಅಳಿಯ. ಅಳಿಯನ ಋಣ ಅನ್ನುವುದು ನಮ್ಮ ಕಡೆ ಎಷ್ಟು ಭಾರ ಅಂತ ಬಿಡಿಸಿ ಹೇಳಬೇಕಿಲ್ಲ. ಭಾವ ಒಂದೇ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ. ಮೊದಲೆಲ್ಲ ಭಾನುವಾರದ ವಿಡಿಯೊ ಕಾಲಿನಲ್ಲಿ ಅಳಿಯನ ಜೊತೆ ಕ್ರಿಕೆಟ್ಟು, ರಾಜಕೀಯ ಅಂತ ಅರ್ಧ ಗಂಟೆ ಮಾತಾಡುತ್ತಿದ್ದವರು ಈಗ ಮೊಮ್ಮಗಳ ಮುಖ ನೋಡಿ ಫೋನು ಅಮ್ಮನಿಗೆ ಕೊಟ್ಟು ಎದ್ದುಹೋಗುತ್ತಿದ್ದರು. ನನಗೆ ಮಾತ್ರ ದಿನಾ ಬೆಳಿಗ್ಗೆ ಫೋನು. "ಏನಾದ್ರೂ ಬಂತಾ?"

ನನ್ನ ಚಿಕ್ಕಮ್ಮನ ಮಗಳು ಜರ್ಮನಿಯಲ್ಲಿದ್ದಾಳೆ. ಅವಳಿಗೆ ಇದನ್ನೆಲ್ಲ ಹೇಳಿದಾಗ ತನ್ನ ವಿಮಾ ಕಾರ್ಡು ತಿರುಗಿಸಿ ತೋರಿಸಿದಳು. ಅದರ ಹಿಂಬದಿಯೇ ಯುರೋಪಿನ ಆರೋಗ್ಯ ವಿಮಾ ಕಾರ್ಡು. 2004ರಿಂದ ಜಾರಿಯಲ್ಲಿದೆ. ಪ್ರವಾಸಕ್ಕೆ ಅಂತ ಬೇರೆ ಯುರೋಪ್ ದೇಶಕ್ಕೆ ಹೋದಾಗ ಕಾಯಿಲೆ ಬಿದ್ದರೆ, ಸರ್ಕಾರಿ ವ್ಯವಸ್ಥೆಯ ಆಸ್ಪತ್ರೆಯಲ್ಲಿ ಇದನ್ನು ತೋರಿಸಿದರೆ ಸಾಕು, ಊರವರಿಗೆ ಏನು ದರವೋ ಇವರಿಗೂ ಅದೇ. ದೇಶ ದೇಶಗಳು ಆಮೇಲೆ ತಮ್ಮತಮ್ಮಲ್ಲಿ ಲೆಕ್ಕ ಹರಿಸಿಕೊಳ್ಳುತ್ತವೆ. ಎಷ್ಟು ಚೆಂದ ಅಂದೆ. "ಚೆಂದವೇ, ಕಾರ್ಡು ಜೊತೆಗಿದ್ರೆ" ಅಂದಳು. ಒಂದು ಸಲ ಗ್ರೀಸಿನಲ್ಲಿ ಕಾಲು ಉಳುಕಿಸಿಕೊಂಡಾಗ ಕಾರ್ಡು ಮನೆಯಲ್ಲಿತ್ತಂತೆ. ಕೈಯಿಂದ ಕಟ್ಟಿದಳು. ಅಂಥ ಹೊತ್ತಿನಲ್ಲಿ ಆ ದೇಶದ ದರ ಎಷ್ಟು ಅಂತ ಈ ದೇಶದವರು ಅಲ್ಲಿಗೆ ಬರೆದು ಕೇಳಬೇಕಾಗಬಹುದು. ಅವಳ ದುಡ್ಡು ಬರಲು ನಾಲ್ಕು ತಿಂಗಳಾಯಿತು. ಇಂಥ ಕಡೆಗೆ ನಾವು ಹೋಗಬೇಕಾದರೆ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ವಿಮೆ ತೋರಿಸಲೇಬೇಕು. ಒಂದು ರಾತ್ರಿಗೆ ಒಂಬತ್ತು ಲಕ್ಷ ಕೇಳುವ ಅಮೆರಿಕದ ವಿಸಿಟರ್ ವೀಸಾಗೆ ಆ ಷರತ್ತೇ ಇಲ್ಲ. ಇದು ಯಾವ ನ್ಯಾಯವೋ.

ಫೆಬ್ರವರಿಯಲ್ಲಿ ನಾನು ರೇಗಿಹೋಗಿ ನಿಯಮಗಳನ್ನು ಓದಲು ಕೂತೆ. ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ನಿಯಮ ಸ್ಪಷ್ಟವಾಗಿತ್ತು. ಕ್ಲೇಮಿನ ಕೊನೆಯ ಅಗತ್ಯ ದಾಖಲೆ ಕೈಸೇರಿದ 30 ದಿನದೊಳಗೆ ಹಣ ಕೊಡಬೇಕು, ಇಲ್ಲಾ ಆಗಲ್ಲ ಅನ್ನಬೇಕು. ತನಿಖೆ ಬೇಕಾದರೆ 45 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೇಲೆ ಇನ್ನೂ ಶೇ. 2 ಸೇರಿಸಿ ಬಡ್ಡಿ. ಆಗ ಬ್ಯಾಂಕ್ ದರ ಶೇ. 6.75 ಇತ್ತು. ನಾನು ಖುಷಿಯಿಂದ ಅಪ್ಪನಿಗೆ ಓದಿ ಹೇಳಿದೆ. ನಾಲ್ಕು ತಿಂಗಳಾಗಿದೆ, ಬಡ್ಡಿ ಸಮೇತ ಕೇಳೋಣ ಅಂದೆ.

ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿಸಿಕೊಂಡರು. "ಕೊನೆಯ ಅಗತ್ಯ ದಾಖಲೆ ಅಂತ ಇದೆಯಲ್ಲಮ್ಮಾ" ಅಂದರು. "ಕೊನೇದು ಯಾವುದು ಅಂತ ಹೇಳೋರು ಯಾರು?"

ನನಗೆ ಆಗ ಹೊಳೆಯಿತು. ಗಡಿಯಾರ ಶುರುವೇ ಆಗಿರಲಿಲ್ಲ. ಪ್ರತಿ ತಕರಾರಿಗೂ ಮುಳ್ಳು ಮತ್ತೆ ಸೊನ್ನೆಗೆ ಬರುತ್ತಿತ್ತು. ಯಾರೂ ನಿಯಮ ಮುರಿದಿರಲಿಲ್ಲ. ಒಂದೊಂದೇ ಕಾಗದ ಕೇಳುತ್ತಿದ್ದರೆ ಸಾಕು, ಮೂವತ್ತು ದಿನ ಅನ್ನುವುದು ಮೂರು ವರ್ಷವಾದರೂ ಆಗಬಹುದು.

"ನಾವೂ ಹಂಗೇ ಮಾಡ್ತಿದ್ವಿ" ಅಂದರು ಅಪ್ಪ. ಜಗಲಿಯ ಮೇಲೆ ಕೂತಿದ್ದೆವು. ಅವರು ನನ್ನ ಮುಖ ನೋಡಲಿಲ್ಲ. ಒಬ್ಬಳು ಹೆಂಗಸು ವಿಧವಾ ವೇತನಕ್ಕೆ ಅಂತ ಬರುತ್ತಿದ್ದಳಂತೆ, ಬಸ್ಸಿಲ್ಲದ ಹಳ್ಳಿಯಿಂದ ನಾಲ್ಕು ಮೈಲಿ ನಡೆದು ಬಸ್ಸು ಹಿಡಿದು. ಗಂಡನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಮರಣ ಪತ್ರದಲ್ಲಿ ಇನ್ನೊಂದು ಥರ. ಅಪ್ಪ ಷರಾ ಬರೆದು ವಾಪಸ್ ಕಳಿಸಿದರು. ಅದನ್ನು ಸರಿ ಮಾಡಿಸಿಕೊಂಡು ಬಂದಾಗ ಫೋಟೊ ಇರಲಿಲ್ಲ. ಫೋಟೊ ತಂದಾಗ ಆದಾಯ ಪತ್ರದ ಅವಧಿ ಮುಗಿದಿತ್ತು. "ಮೂರು ಸಲಾನೂ ನಾನು ಬರೆದದ್ದು ಸರಿಯಾಗೇ ಇತ್ತು" ಅಂದರು. "ಮೊದಲ್ನೇ ದಿನಾನೇ ಮೂರೂ ಹೇಳಬಹುದಿತ್ತು. ಹೇಳೋಕೆ ಫೈಲು ಪೂರ್ತಿ ಓದಬೇಕು. ನಾನು ಮೊದಲ ತಪ್ಪು ಸಿಕ್ಕಿದ ಕೂಡಲೇ ನಿಲ್ಲಿಸಿಬಿಡ್ತಿದ್ದೆ."

ನಾಲ್ಕನೇ ಸಲ ಬಂದಳಾ ಅಂತ ನಾನು ಕೇಳಿದೆ. ಅಪ್ಪ ಕೊಬ್ಬರಿ ಒಣಗಿಸಿದ್ದನ್ನು ಎತ್ತಿಡಬೇಕು ಅಂತ ಎದ್ದರು.

ಆ ರಾತ್ರಿ ಮತ್ತೆ ಹುಡುಕಿದೆ. ಆರೋಗ್ಯ ವಿಮೆಯ 2016ರ ನಿಯಮಗಳಲ್ಲಿ ಬೇಕಾದದ್ದು ಸಿಕ್ಕಿತು. ಕ್ಲೇಮಿಗೆ ಬೇಕಾದ ದಾಖಲೆಗಳನ್ನೆಲ್ಲ ಒಂದೇ ಸಲ ಕೇಳಬೇಕು, ಚೂರು ಚೂರಾಗಿ ಕೇಳಬಾರದು. ಮೋಸದ ಅನುಮಾನ ಇದ್ದರೆ ಬೇರೆ ಮಾತು, ಇಲ್ಲದಿದ್ದರೆ ಪಾಲಿಸಿಯ ಷರತ್ತಿನಲ್ಲಿ ಹೆಸರಿಲ್ಲದ ಕಾಗದವನ್ನು ಸಾಮಾನ್ಯವಾಗಿ ಅಗತ್ಯ ಅನ್ನುವಂತಿಲ್ಲ. ಪ್ರಯಾಣದ ವಿಮೆಯೂ ಕಾನೂನಿನ ಲೆಕ್ಕದಲ್ಲಿ ಆರೋಗ್ಯ ವಿಮೆಯೇ. ವಿಮಾ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಹಾಗೆ ಹೇಳಿದೆ. ನಮ್ಮ ಪಾಲಿಸಿಯ ಪಟ್ಟಿ ತೆಗೆದು ನೋಡಿದರೆ, ಸೀಲು ಅನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ!

ಪತ್ರವನ್ನು ನಾನು ಬರೆಯಲಿಲ್ಲ. ಅಪ್ಪ ಬರೆದರು. ಎರಡು ದಿನ ಕೂತು, ಪೆನ್ಸಿಲಿನಲ್ಲಿ ಕರಡು ಮಾಡಿ, ತಾಲ್ಲೂಕು ಕಚೇರಿಯ ಇಂಗ್ಲಿಷಿನಲ್ಲಿ. ವಿಷಯ, ಉಲ್ಲೇಖ, ಉಲ್ಲೇಖದ ಕೆಳಗೆ ಅವರ ಐದು ಇಮೇಲುಗಳ ತಾರೀಖು. ಯಾವ ದಿನ ಏನು ಕೇಳಿದಿರಿ, ಯಾವ ದಿನ ಏನು ಕೊಟ್ಟೆವು ಅಂತ ಪಕ್ಕ ಪಕ್ಕ ಎರಡು ಕಾಲಂ. ಕೆಳಗೆ ಅಡಕಗಳ ಪಟ್ಟಿ, 1ರಿಂದ 23. ಬೈಗುಳ ಒಂದೂ ಇಲ್ಲ, ವಯಸ್ಸಾದವನು ಅನ್ನುವ ಗೋಳೂ ಇಲ್ಲ. ಕೊನೆಯಲ್ಲಿ ಒಂದೇ ಕೋರಿಕೆ. ಇನ್ನು ಯಾವ ದಾಖಲೆ ಬಾಕಿ ಇದೆ ಅಂತ ಪಾಲಿಸಿಯ ಯಾವ ಷರತ್ತಿನ ಕೆಳಗೆ ಅನ್ನುವುದನ್ನೂ ಸೇರಿಸಿ ಒಂದೇ ಸಲ ತಿಳಿಸಿ. ಬಾಕಿ ಇಲ್ಲದಿದ್ದರೆ ಈ ಪತ್ರ ಮುಟ್ಟಿದ ದಿನವನ್ನೇ ಕೊನೆಯ ದಾಖಲೆ ಸೇರಿದ ದಿನ ಅಂತ ನಾನು ತಿಳಿದುಕೊಳ್ಳುತ್ತೇನೆ. ರಿಜಿಸ್ಟರ್ ಪೋಸ್ಟಿನಲ್ಲಿ, ಮುಟ್ಟಿತು ಅಂತ ಸಹಿಯಾಗಿ ವಾಪಸ್ ಬರುವ ಎಡಿ ಕಾರ್ಡ್ ಸಮೇತ ಕಳಿಸಿದರು. ಇಮೇಲಿನಲ್ಲೂ ಕಳಿಸೋಣ ಅಂದೆ. "ಕಳಿಸು, ಆದ್ರೆ ಅದಕ್ಕೆ ಗುಲಾಬಿ ಕಾರ್ಡು ವಾಪಸ್ ಬರಲ್ಲ" ಅಂದರು.

ಪತ್ರದ ಒಂದು ಪ್ರತಿಯನ್ನು ಕಂಪನಿಯ ದೂರು ವಿಭಾಗದ ಅಧಿಕಾರಿಗೂ ಕಳಿಸಿದ್ದೆವು. ಅದು ಬೇಕೇಬೇಕು. ಪಾಲಿಸಿದಾರರ ದೂರು ಕೇಳಿ ತೀರ್ಮಾನ ಹೇಳುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬೇಕಾದರೆ ಮೊದಲು ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು. ಕರ್ನಾಟಕಕ್ಕೆ ಬೆಂಗಳೂರಿನಲ್ಲೇ ಕಚೇರಿಯಿದೆ. ಫೀಸಿಲ್ಲ, ವಕೀಲರೂ ಬೇಡ. ಆಗ 30 ಲಕ್ಷದವರೆಗಿನ ತಕರಾರು ನೋಡುತ್ತಿದ್ದರು, ಈಗ 50 ಲಕ್ಷ. ಎಷ್ಟೋ ಜನ ಕಸ್ಟಮರ್ ಕೇರಿಗೆ ನೂರು ಸಲ ಫೋನ್ ಮಾಡುತ್ತಾರೆ, ಈ ಒಂದು ಕಾಗದ ಬರೆಯುವುದಿಲ್ಲ. ಫೋನಿನಲ್ಲಿ ಕಿರುಚಿದ್ದಕ್ಕೆ ತಾರೀಖು ಇರುವುದಿಲ್ಲ.

ಏಪ್ರಿಲಿನಲ್ಲಿ ಒಬ್ಬ ಹುಡುಗ ಬೈಕಿನಲ್ಲಿ ಮನೆಗೆ ಬಂದ. ಕಂಪನಿಯ ಪರವಾಗಿ ತನಿಖೆಗೆ. ಅಮ್ಮನಿಗೆ ಕೈಕಾಲು ನಡುಗಿತು. ಅಪ್ಪ ಮಾತ್ರ ನೆಂಟರು ಬಂದ ಹಾಗೆ ಕೂರಿಸಿ ಕಾಫಿ ಕೊಡಿಸಿ ಫೈಲು ಮುಂದಿಟ್ಟರು. ಹುಡುಗ ಪುಟ ತಿರುಗಿಸುತ್ತಾ, "ಸಾರ್, ಎಲ್ಲಾ ಹೀಗೇ ಇಟ್ಕೊಂಡ್ರೆ ನಮ್ ಕೆಲ್ಸ ಹೋಗುತ್ತೆ" ಅಂದ. ಪ್ರಪೋಸಲ್ ಫಾರಂ ತೆಗೆದು, ಬಿಪಿ ಅಂತ ಬರೆದ ಕಾಲಂ ಮೇಲೆ ಬೆರಳಿಟ್ಟು, ಇದನ್ನು ಯಾರು ತುಂಬಿದರು ಅಂತ ಕೇಳಿದ. ಅಪ್ಪ ತಮ್ಮ ಅಕ್ಷರ ತೋರಿಸಿದರು. ಅವನು ಫೋಟೊ ತೆಗೆದುಕೊಂಡ. ಹೆಚ್ಚಿನವರು ಇಲ್ಲ ಅಂತ ಬರೆದಿರುತ್ತಾರೆ, ಅಲ್ಲಿಗೆ ಕಥೆ ಮುಗಿಯುತ್ತೆ ಅಂದ. ಕಾಯಿಲೆ ಮುಚ್ಚಿಟ್ಟರು ಅಂತ ಕ್ಲೇಮೇ ತಳ್ಳಿಹಾಕಬಹುದು. ನಮ್ಮದರಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಅಮೆರಿಕದ ಡಾಕ್ಟರು ನೀರು ಕಡಿಮೆಯಾಗಿ ಬಿದ್ದರು ಅಂತ ಬರೆದಿದ್ದರು, ಬಿಪಿ ಆ ದಿನ ಹತೋಟಿಯಲ್ಲೇ ಇತ್ತು.

ಜೂನ್ ಎರಡನೇ ವಾರ ಹಣ ಬಂತು. ಆಂಬುಲೆನ್ಸಿಗೆ 500 ಡಾಲರ್ ಮಿತಿ ಅಂತ 885 ಕಡಿದರು. ನಮ್ಮ ಪಾಲಿನ 100 ಕಳೆದರು. ಉಳಿದ 10,730 ಡಾಲರಿಗೆ 82ರ ಲೆಕ್ಕದಲ್ಲಿ 8,79,860 ರೂಪಾಯಿ. ಬಡ್ಡಿ ಕೊಡಲಿಲ್ಲ. ತನಿಖಾ ವರದಿ ಸೇರಿದ ದಿನದಿಂದ ಲೆಕ್ಕ ಅಂದರು. ಅಪ್ಪನಿಗೆ ಬಡ್ಡಿಗೂ ಬರೆಯುವ ಮನಸ್ಸಿತ್ತು. ಅಮ್ಮ ಬಿಡಲಿಲ್ಲ.

2024ರಲ್ಲಿ ಪ್ರಾಧಿಕಾರ ಈ ನಿಯಮಗಳನ್ನೆಲ್ಲ ಮತ್ತೆ ಬರೆದಿದೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಹೊತ್ತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತಿದೆ. ಒಳ್ಳೆಯದೇ. ನಮ್ಮ ಕಂಪನಿಯ ಹೆಸರೇ ಗೊತ್ತಿಲ್ಲದ ಯಾವುದೋ ದೂರದ ಆಸ್ಪತ್ರೆಯಲ್ಲಿ ಬಿದ್ದವರಿಗೆ ಆ ಗಂಟೆ ಹೇಗೆ ಹೊಡೆಯುತ್ತೆ ಅನ್ನುವುದು ಬೇರೆ ವಿಷಯ. ಈಚೆಗೆ ಯಾರಾದರೂ ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕಳಿಸುತ್ತೀವಿ ಅಂದರೆ, ಅಲ್ಲಿನ ಆಸ್ಪತ್ರೆಗಳ ಜಾಲದಲ್ಲಿ ಇರುವ, ಬಿಲ್ಲು ನೇರ ಹೋಗುವ ಪಾಲಿಸಿ ನೋಡಿ ಅನ್ನುತ್ತೇನೆ. ದುಡ್ಡು ಜಾಸ್ತಿ. ಆದರೆ ಹನ್ನೊಂದು ತಿಂಗಳ ಬೆಳಗಿನ ಫೋನುಗಳ ಬೆಲೆ ಯಾರೂ ಪ್ರೀಮಿಯಂನಲ್ಲಿ ಸೇರಿಸಿ ನೋಡುವುದಿಲ್ಲ.

ಹಣ ಬಂದ ಮೆಸೇಜ್ ನೋಡಿದರೂ ಅಪ್ಪ ನಂಬಲಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಅಚ್ಚು ಹಾಕಿಸಿದರು. ಆ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ಅಲ್ಲೇ ಕೌಂಟರಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ಇಸಿದುಕೊಂಡು ಬಂದರು. ಕಂಪನಿ ಕಡಿದದ್ದನ್ನೂ ಸೇರಿಸಿ ಪೂರ್ತಿ 11,715 ಡಾಲರ್ ಅಂತ ತುಂಬಿದರು. ಆ ಭಾನುವಾರ ಫೋನು ಅಮ್ಮನ ಕೈಯಿಂದ ತಾವೇ ಇಸಿದುಕೊಂಡರು.

"ನಿಮ್ಮ ಅಕೌಂಟ್ ನಂಬರ್ ಹೇಳಿ, ಅಳಿಯಂದ್ರೇ."

"ಏನ್ ಮಾವ ಇದು, ಅದು ನಿಮ್ ಹತ್ರಾನೇ ಇರ್ಲಿ ಬಿಡಿ" ಅಂದರು ಭಾವ. ಅಪ್ಪ ಮತ್ತೆ ಕೇಳಿದರು. ಭಾವ ಆಮೇಲೆ ಕಳಿಸ್ತೀನಿ ಅಂದರು.

ಆ ಆಮೇಲೆ ಇನ್ನೂ ಬಂದಿಲ್ಲ. ಫಾರಂ ಈಗಲೂ ಅದೇ ಫೈಲಿನಲ್ಲಿದೆ, ಅಡಕ 24 ಅಂತ ನಂಬರ್ ಹಾಕಿಸಿಕೊಂಡು. ಹಣ ಪಡೆಯುವವರ ಬ್ಯಾಂಕಿನ ಕಾಲಂ ಒಂದು ಖಾಲಿ. ಮೊನ್ನೆ ಊರಿಗೆ ಹೋಗಿದ್ದಾಗ ಅಪ್ಪ ಅದನ್ನು ತೆಗೆದು ತೋರಿಸಿ, "ನಿಮ್ ಭಾವನಿಗೆ ಒಂದು ಜ್ಞಾಪನ ಕಳಿಸಬೇಕು" ಅಂದರು. ತಮಾಷೆ ಅಂದುಕೊಂಡು ನಕ್ಕೆ. ಅವರು ಆಗಲೇ ಪೆನ್ಸಿಲು ಹುಡುಕುತ್ತಿದ್ದರು.